ಐದು ವರ್ಷ ನಾಲ್ಕು ತಿಂಗಳ ಪದವೀಧರ

ನಾನು ಬಿ.ಎ. ಪಾಸಾಗಿದ್ದು ಎರಡನೇ ಸಲಕ್ಕೆ. ಮೊದಲ ಸಲ ಎಕನಾಮಿಕ್ಸ್ ಕೈಕೊಟ್ಟಿತು. ಮತ್ತೆ ಕಟ್ಟಿ ಪಾಸು ಮಾಡಿಕೊಂಡೆ. ಘಟಿಕೋತ್ಸವಕ್ಕೆ ಹೋಗಬೇಕಾದರೆ ಗೌನಿಗೆ ಬಾಡಿಗೆ ಕೊಡಬೇಕಿತ್ತು. "ಪೋಸ್ಟಲ್ಲಿ ತರಿಸ್ಕೊಳ್ಳೋ, ಅದರಲ್ಲೂ ಅದೇ ಅಕ್ಷರ ತಾನೆ ಇರೋದು" ಅಂದರು ನಮ್ಮಪ್ಪ. ಹಾಗಾಗಿ ನನ್ನ ಪದವಿ ಒಂದು ಮಧ್ಯಾಹ್ನ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಂತು. ನಾನು ಮನೆಯಲ್ಲಿರಲಿಲ್ಲ. ಅಮ್ಮ ಸಹಿ ಹಾಕಿ ತೆಗೆದುಕೊಂಡು, ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದರು. ಸಂಜೆ ಊಟಕ್ಕೆ ಕೂತಾಗ ಜ್ಞಾಪಕ ಬಂದು ಹೇಳಿದರು.

ನಮ್ಮ ಮೊಮ್ಮಗ ಹಾಗಲ್ಲ. 2025ರ ಮಾರ್ಚ್ ಕೊನೆಯಲ್ಲಿ, ಐದು ವರ್ಷ ನಾಲ್ಕು ತಿಂಗಳಿಗೇ ಪದವೀಧರನಾದ. ಅದೂ ಮೊದಲನೇ ಸಲಕ್ಕೆ. ಯುಕೆಜಿಯಲ್ಲಿ.

ಸುದ್ದಿ ಮೊದಲು ಬಂದದ್ದು ಸೊಸೆಯ ಫೋನಿಗೆ. ಗ್ರ್ಯಾಜುಯೇಶನ್ ಡೇ. ಗೌನು, ಟೋಪಿ, ಫೋಟೋ, ಫೋಟೋಗೆ ಫ್ರೇಮು ಎಲ್ಲ ಸೇರಿ 1,850 ರೂಪಾಯಿ. ಕಪ್ಪು ಶೂ ಕಡ್ಡಾಯ. ಕೊನೆಯಲ್ಲಿ ಒಂದು ಸಾಲು: ಟೋಪಿ ಮೇಲಕ್ಕೆ ಎಸೆಯುವುದನ್ನು ಮನೆಯಲ್ಲಿ ಮಗುವಿಗೆ ಅಭ್ಯಾಸ ಮಾಡಿಸಿ.

"ಏನಮ್ಮ ಇದು, ಎಸೆಯೋದು ಕಲಿಸೋಕೂ ಹೋಮ್‌ವರ್ಕಾ?" ಅಂದೆ. ಐದು ವರ್ಷದ ಹುಡುಗನಿಗೆ ಎಸೆಯಬೇಡ ಅಂತ ಹೇಳಿ ಹೇಳಿ ನಮ್ಮ ಗಂಟಲು ಒಣಗಿತ್ತು.

"ಎಲ್ಲರೂ ಒಟ್ಟಿಗೆ ಎಸೀಬೇಕಂತೆ ಮಾವ. ವಿಡಿಯೋಗೆ ಬೇಕಂತೆ."

ಟೋಪಿ ಇನ್ನೂ ಬಂದಿರಲಿಲ್ಲವಲ್ಲ, ಅಭ್ಯಾಸಕ್ಕೆ ನನ್ನ ಮಂಕಿ ಕ್ಯಾಪ್ ಹೋಯಿತು. ಮೊದಲನೇ ದಿನವೇ ಅದು ಫ್ಯಾನಿಗೆ ಸಿಕ್ಕಿ ನಾಲ್ಕು ಸುತ್ತು ತಿರುಗಿ ದೇವರ ಗೂಡಿನ ಮೇಲೆ ಬಿತ್ತು. ಮೊಮ್ಮಗ ಕೇಕೆ ಹಾಕಿದ. ಶಾಲೆಗೆ ಸೇರಿದ ಮೇಲೆ ಅವನು ಇಷ್ಟು ಶ್ರದ್ಧೆಯಿಂದ ಹೋಮ್‌ವರ್ಕ್ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಅಷ್ಟರಲ್ಲಿ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಸೆನೆಟ್ ಸಭೆ ಶುರುವಾಗಿತ್ತು. ಗೌನಿನ ಒಳಗೆ ಯೂನಿಫಾರ್ಮಾ, ಕಲರ್ ಡ್ರೆಸ್ಸಾ? ಟೋಪಿ ಜಾರಿದರೆ ಹೇರ್‌ಪಿನ್ ಹಾಕಬಹುದಾ? ಮಧ್ಯೆ ಒಂದಕ್ಕೆ ಬಂದರೆ ಗೌನು ಬಿಚ್ಚುವವರು ಯಾರು? ಈ ಕೊನೆಯ ಪ್ರಶ್ನೆ ನನಗೆ ಬಹಳ ಮುಖ್ಯ ಅನ್ನಿಸಿತು. ಯಾವ ವಿಶ್ವವಿದ್ಯಾಲಯವೂ ಇದರ ಬಗ್ಗೆ ಯೋಚಿಸಿದ ಹಾಗೆ ಕಾಣೆ.

ಅದರ ಹಿಂದೆಯೇ ಬಂತು ವರ್ಷದ ಕೊನೆಯ ವಾರ್ತಾಪತ್ರ. ಇಪ್ಪತ್ತೆಂಟು ಪುಟದ ಪಿಡಿಎಫ್. ನಾನು ರಿಟೈರ್ಡ್ ಗುಮಾಸ್ತ. ಯಾವ ಕಾಗದ ಕೊಟ್ಟರೂ ಕೊನೆಯ ಸಾಲಿನವರೆಗೆ ಓದುವುದು ನನ್ನ ರೋಗ. ಇದನ್ನೂ ಓದಿದೆ.

ಮೊದಲ ಮೂರು ಪುಟ ಶಾಲೆಯ ಕಟ್ಟಡದ ಫೋಟೋ. ಆಮೇಲೆ ವರ್ಷದ ಚಟುವಟಿಕೆ. ಹಳದಿ ದಿನ. ಕೆಂಪು ದಿನ. ಹಸಿರು ದಿನ. ಮಾವಿನಹಣ್ಣಿನ ದಿನ, ಅದೂ ಹಳದಿಯೇ ಆದರೂ ಬೇರೆ ದಿನ, ಬೇರೆ ಟೀ ಶರ್ಟು. ಅಜ್ಜ ಅಜ್ಜಿಯರ ದಿನ. ಇದರಲ್ಲಿ ನಾನೂ ಇದ್ದೇನೆ. ಬಲೂನು ಕಾಲಿಗೆ ಕಟ್ಟಿಕೊಂಡು ಇನ್ನೊಬ್ಬ ಅಜ್ಜನ ಬಲೂನು ಒಡೆಯಲು ಹೋಗುತ್ತಿದ್ದೇನೆ. ಮಂಡಿ ನೋವಿಗೆ ಅವತ್ತು ರಾತ್ರಿ ಹಚ್ಚಿದ ಮುಲಾಮಿನ ಫೋಟೋ ಮಾತ್ರ ಹಾಕಿಲ್ಲ.

ಮುಂದೆ ಪ್ರವಾಸ. ಮಕ್ಕಳಿಗೆ ತರಕಾರಿ ಪರಿಚಯ ಮಾಡಿಸಲು ಒಂದು ಮಾಲ್‌ನ ಒಳಗಿನ ಅಂಗಡಿಗೆ ಕರೆದುಕೊಂಡು ಹೋಗಿದ್ದರು. ನಮ್ಮ ಗಿರಿನಗರದಿಂದ ಕೆ.ಆರ್. ಮಾರ್ಕೆಟ್ಟಿಗೆ ಬಸ್ಸಿನಲ್ಲಿ ಹೋದರೆ ಬೇಡ ಅಂದರೂ ತರಕಾರಿ ಕಾಲಿಗೆ ಸಿಗುತ್ತದೆ. ಆದರೆ ಅಲ್ಲಿ ಎಸಿ ಇಲ್ಲ. ಇನ್ನೊಂದು ಪ್ರವಾಸ ಬಂಡೆ ಹತ್ತುವುದಕ್ಕೆ. ಬಂಡೆ ಅಂದರೆ ಪ್ಲಾಸ್ಟಿಕ್ ಹಿಡಿಗಳನ್ನು ಅಂಟಿಸಿದ ಗೋಡೆ, ತಲೆಗೆ ಇಷ್ಟು ಅಂತ ಫೀಸು. ಲಾಲ್‌ಬಾಗಿನ ಬಂಡೆ 300 ಕೋಟಿ ವರ್ಷದಿಂದ ಅಲ್ಲೇ ಕೂತಿದೆ. ಭೂವಿಜ್ಞಾನದವರು ಅದನ್ನು ರಾಷ್ಟ್ರೀಯ ಸ್ಮಾರಕ ಅಂತ ಗುರುತಿಸಿ ಫಲಕವನ್ನೂ ಹಾಕಿದ್ದಾರೆ. ಪಾಪ, ಅದಕ್ಕೆ ಹೆಲ್ಮೆಟ್ ಕೊಡುವ ವ್ಯವಸ್ಥೆ ಇಲ್ಲ.

ಹದಿನಾರನೇ ಪುಟದಲ್ಲಿ ಕನ್ನಡ ರಾಜ್ಯೋತ್ಸವ. ಪೂರ್ತಿ ಇಂಗ್ಲಿಷಿನಲ್ಲಿ. ನಮ್ಮ ರಾಜ್ಯದಲ್ಲಿ ಕನ್ನಡ ಕಲಿಕೆಗೆ ಅಂತಲೇ 2015ರಲ್ಲಿ ಕಾಯಿದೆ ಆಗಿದೆ, 2017-18ರಿಂದ ಒಂದನೇ ಕ್ಲಾಸಿನಿಂದ ಶುರುವಾಗಿ ಜಾರಿಗೆ ಬಂದಿದೆ. ಯುಕೆಜಿಗೆ ಅದು ತಾಗುವುದಿಲ್ಲ ಅನ್ನಿ. ಅಲ್ಲಿ ಕನ್ನಡ ಅಂದರೆ ವೇಷ. ಆ ದಿನ ಮೂವರು ಓಬವ್ವಂದಿರು ಬಂದಿದ್ದರು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಒನಕೆ ಎಲ್ಲಿಂದ ಬರಬೇಕು? ಇಬ್ಬರು ರಟ್ಟು ಸುತ್ತಿ ಒನಕೆ ಮಾಡಿಕೊಂಡಿದ್ದರು. ಮೂರನೆಯ ಓಬವ್ವನ ಕೈಯಲ್ಲಿ ಬೇಸ್‌ಬಾಲ್ ಬ್ಯಾಟ್ ಇತ್ತು. ಫೋಟೋದಲ್ಲಿ ಅವಳ ಮುಖ ನೋಡಿದರೆ ಹೈದರಾಲಿಯ ಸೈನ್ಯಕ್ಕೆ ಅವಳೊಬ್ಬಳೇ ಸಾಕು.

ಕೊನೆಯ ಪುಟಗಳಲ್ಲಿ ಪ್ರಶಸ್ತಿ ಪಟ್ಟಿ. ಕ್ಲಾಸಿನಲ್ಲಿ ಮೂವತ್ತೆಂಟು ಮಕ್ಕಳು, ಮೂವತ್ತೆಂಟು ಪ್ರಶಸ್ತಿ. ಯಾವ ಮಗುವಿಗೂ ಬೇಜಾರಾಗಬಾರದಂತೆ. ಒಳ್ಳೆಯದೇ. ಆದರೆ ಇಪ್ಪತ್ತನೇ ಮಗು ದಾಟುವ ಹೊತ್ತಿಗೆ ಮಿಸ್‌ಗೆ ಗುಣಗಳು ಖಾಲಿಯಾಗಿವೆ. ಅತ್ಯುತ್ತಮ ನಗು, ಅತ್ಯುತ್ತಮ ಕೈಬರಹ ಎಲ್ಲ ಮೇಲಿನವರಿಗೆ ಹೋಗಿ, ಕೆಳಗೆ ಬಂದಂತೆ "ಶಾಂತವಾಗಿ ಸಾಲಿನಲ್ಲಿ ನಿಲ್ಲುವ ತಾರೆ", "ಟಿಫನ್ ಡಬ್ಬಿಯ ಗೆಳೆಯ" ಅಂತೆಲ್ಲ ಆಗಿದೆ. ನಮ್ಮವನು ಮೂವತ್ತೈದನೆಯವನು. ಅವನಿಗೆ "ಹೈಡ್ರೇಶನ್ ಚಾಂಪಿಯನ್". ಅಂದರೆ ವಾಟರ್ ಬೆಲ್ ಹೊಡೆದಾಗ ನೀರು ಕುಡಿಯುತ್ತಾನೆ. ಮನೆಯವಳಿಗೆ ಇಷ್ಟು ಖುಷಿಯಾಯಿತು ಅಂದರೆ, ಮೈಸೂರಿನ ತಂಗಿಗೆ ಫೋನ್ ಮಾಡಿ "ಏನೋ ಕೆಮಿಸ್ಟ್ರಿಗೆ ಸಂಬಂಧಪಟ್ಟದ್ದು ಕಣೇ" ಅಂದಳು.

ಇಪ್ಪತ್ತೆಂಟು ಪುಟದಲ್ಲಿ ಒಂದು ವಿಷಯ ಮಾತ್ರ ಎಲ್ಲೂ ಸಿಗಲಿಲ್ಲ. ಹುಡುಗ ಏನು ಕಲಿತ ಅಂತ.

ಆ ದಿನ ಬಂತು. ಬೆಂಗಳೂರಿನ ಬೇಸಿಗೆ ಗೊತ್ತಲ್ಲ. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ ಊರು ಇದು. ಚಳಿ ದೇಶದವರು ಕಲ್ಲಿನ ಕಟ್ಟಡದೊಳಗೆ ನಡುಗುತ್ತಾ ಹಾಕಿಕೊಂಡ ಗೌನನ್ನು ಪಾಲಿಸ್ಟರ್‌ನಲ್ಲಿ ಹೊಲಿಸಿ, ತಗಡಿನ ಶೀಟಿನ ಕೆಳಗೆ, ಹನ್ನೊಂದು ಗಂಟೆಗೆ ಮಕ್ಕಳಿಗೆ ತೊಡಿಸಿದ್ದರು. ಮುಖ್ಯ ಅತಿಥಿಗಳು ಟ್ರಾಫಿಕ್ಕಿನಲ್ಲಿದ್ದರು. ಬೆಂಗಳೂರಿನಲ್ಲಿ ಮುಖ್ಯ ಅತಿಥಿಗಳ ಖಾಯಂ ವಿಳಾಸ ಅದು. ಒಂದೂಕಾಲು ಗಂಟೆ ತಡವಾಗಿ ಬಂದು ಮೈಕ್ ಹಿಡಿದು, ಮಕ್ಕಳ ಮೇಲೆ ಒತ್ತಡ ಹಾಕಬಾರದು ಅಂತ ನಲವತ್ತು ನಿಮಿಷ ಮಾತಾಡಿದರು. ಮುಂದಿನ ಸಾಲಿನ ಪದವೀಧರನೊಬ್ಬ ಆ ಹೊತ್ತಿಗೆ ಟೋಪಿಯ ಕುಚ್ಚನ್ನು ಪೂರ್ತಿ ಜಗಿದು ಮುಗಿಸಿದ್ದ. ಇನ್ನೊಬ್ಬಳು ನಿದ್ದೆಹೋಗಿದ್ದಳು. ಗೌನಿನೊಳಗೆ ಒಂದಕ್ಕೆ ಬಂದವರ ಪ್ರಶ್ನೆಗೂ ಉತ್ತರ ಸಿಕ್ಕಿತು. ಯಾರೂ ಬಿಚ್ಚಲಿಲ್ಲ.

ಆಮೇಲೆ ಪ್ರಮಾಣವಚನ. ದೊಡ್ಡವರ ಮಾತು ಕೇಳುತ್ತೇನೆ, ಗಿಡಕ್ಕೆ ನೀರು ಹಾಕುತ್ತೇನೆ, ಪೆನ್ಸಿಲ್ ಕಚ್ಚುವುದಿಲ್ಲ. ಆಮೇಲೆ ಟೋಪಿ ಎಸೆಯುವುದು. ಒಂದು ಸಲ ಎಸೆದರು. ಫೋಟೋದವರು "ಇನ್ನೊಂದ್ಸಲ" ಅಂದರು. ಮೂರನೇ ಸಲಕ್ಕೆ ಸರಿ ಬಂತಂತೆ. ನಮ್ಮವನ ಎಸೆತವೇ ಎಲ್ಲಕ್ಕಿಂತ ಮೇಲೆ ಹೋಯಿತು. ಮಂಕಿ ಕ್ಯಾಪಿನ ಪುಣ್ಯ.

ಮನೆಗೆ ಬಂದು ಗೋಡೆಗೆ ಫ್ರೇಮು ಹೊಡೆದೆವು. ಅದಾದ ಎರಡು ದಿನಕ್ಕೆ ಶಾಲೆಯಿಂದ ಇನ್ನೊಂದು ಮೆಸೇಜು. ಪದವಿ ಪಡೆದ ನಿಮ್ಮ ಮಗುವಿಗೆ ಅಭಿನಂದನೆ. ಆದರೆ ಜೂನ್ 1ಕ್ಕೆ ಆರು ವರ್ಷ ತುಂಬದ ಕಾರಣ ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳಲು ಆಗುವುದಿಲ್ಲ.

ಇದು ಶಾಲೆಯ ತಪ್ಪಲ್ಲ, ನ್ಯಾಯವಾಗಿ ಹೇಳಬೇಕು. ಆರು ತುಂಬಿರಬೇಕು ಅಂತ ಸರ್ಕಾರ 2022ರ ಜುಲೈನಲ್ಲೇ ಆದೇಶ ಮಾಡಿತ್ತು. ಎಲ್ಲರೂ ಕೂಗಾಡಿದರು. ಸರಿ, 2025-26ರಿಂದ ಮಾಡೋಣ ಅಂತ ಮುಂದಕ್ಕೆ ಹಾಕಿದರು. ನಮ್ಮಲ್ಲಿ ಮುಂದಕ್ಕೆ ಹಾಕಿದ್ದು ಬರುತ್ತದೆ ಅಂತ ಯಾರು ನಂಬುತ್ತಾರೆ? ಅದು ಬಂದೇಬಿಟ್ಟಿತು. ಡಿಗ್ರಿ ಇದೆ, ವಯಸ್ಸಿಲ್ಲ. ನಮ್ಮ ಕಾಲದಲ್ಲಿ ಡಿಗ್ರಿ ಹಿಡಿದು ಕೆಲಸಕ್ಕೆ ಅಲೆದವರನ್ನು ನೋಡಿದ್ದೆ, ಒಂದನೇ ಕ್ಲಾಸಿಗೆ ಅಲೆದವರನ್ನು ನೋಡಿದ್ದು ಇದೇ ಮೊದಲು.

ಹದಿನೈದು ಇಪ್ಪತ್ತು ದಿನ ಮನೆಯಲ್ಲಿ ಸೂತಕದ ಕಳೆ. ಮಗ ವಯಸ್ಸು ಲೆಕ್ಕ ಹಾಕುತ್ತಲೇ ಇದ್ದ, ದಿನಕ್ಕೆ ನಾಲ್ಕು ಸಲ ಹಾಕಿದರೆ ಜಾಸ್ತಿ ಆಗುತ್ತದೇನೋ ಅನ್ನುವ ಹಾಗೆ. ಏಪ್ರಿಲ್ ಮಧ್ಯದಲ್ಲಿ ಶಿಕ್ಷಣ ಸಚಿವರು ಹೊಸ ಘೋಷಣೆ ಮಾಡಿದರು. ಈ ಒಂದು ವರ್ಷಕ್ಕೆ ಮಾತ್ರ, ಯುಕೆಜಿ ಮುಗಿಸಿದ ಮಕ್ಕಳಿಗೆ ಐದು ವರ್ಷ ಐದು ತಿಂಗಳಾಗಿದ್ದರೆ ಸಾಕು. ನಮ್ಮವನು ನವೆಂಬರ್ ಹುಡುಗ. ಜೂನ್ 1ಕ್ಕೆ ಐದು ವರ್ಷ ಆರು ತಿಂಗಳು ದಾಟುತ್ತದೆ. ಮನೆಯವಳು ಬನಶಂಕರಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದಳು.

ಸರ್ಕಾರಕ್ಕೆ ಇದೇನು ಹೊಸದಲ್ಲ ಬಿಡಿ. ಹಿಂದಿನ ವರ್ಷ, ಅಂದರೆ 2024ರಲ್ಲಿ, ನನ್ನ ತಂಗಿಯ ಮೊಮ್ಮಗಳು ಐದನೇ ಕ್ಲಾಸಿನಲ್ಲಿದ್ದಳು. ಐದು, ಎಂಟು, ಒಂಬತ್ತಕ್ಕೆ ಬೋರ್ಡ್ ಪರೀಕ್ಷೆ ಅಂದರು. ಮಾರ್ಚ್ 6ಕ್ಕೆ ಹೈಕೋರ್ಟ್ ಬೇಡ ಅಂತು. ಮರುದಿನ ವಿಭಾಗೀಯ ಪೀಠ ನಡೆಯಲಿ ಅಂತು. 11ಕ್ಕೆ ಮಕ್ಕಳು ಬರೆಯಲು ಕೂತರು. 12ಕ್ಕೆ ಸುಪ್ರೀಂ ಕೋರ್ಟ್ ನಿಲ್ಲಿಸಿತು. 22ಕ್ಕೆ ಹೈಕೋರ್ಟ್ ಮತ್ತೆ ಆಗಲಿ ಅಂತು. 25ರಿಂದ ಉಳಿದ ಪೇಪರು. ಏಪ್ರಿಲ್ 8ಕ್ಕೆ ರಿಸಲ್ಟಿಗೆ ಸುಪ್ರೀಂ ಕೋರ್ಟಿನ ತಡೆ. ಹತ್ತು ವರ್ಷದ ಹುಡುಗಿ ಪರಿಸರ ಅಧ್ಯಯನದ ಪೇಪರಿಗೆ ಎಷ್ಟು ಸಲ ಓದಿದ್ದಳೋ. ಆ ಬೇಸಿಗೆಯಲ್ಲಿ ಮನೆಗೆ ಬಂದಾಗ "ಎಷ್ಟು ಮಾರ್ಕ್ಸಮ್ಮ?" ಅಂತ ಕೇಳಿದೆ. "ನನ್ನ ಮಾರ್ಕ್ಸು ಡೆಲ್ಲಿಲಿದೆ ತಾತ" ಅಂದಳು. ನಮ್ಮ ವಂಶದಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೊದಲ ದಾಖಲೆ ಅವಳ ಗಣಿತದ ಪೇಪರು.

ಮೊದಲು ಏಪ್ರಿಲ್ 10 ಅಂದರೆ ಎಷ್ಟು ಸಲೀಸಾಗಿತ್ತು. ಬೆಳಗ್ಗೆ ಎಣ್ಣೆ ಹಚ್ಚಿ ತಲೆ ಬಾಚಿ, ಎದೆ ಡವಗುಟ್ಟಿಸಿಕೊಂಡು ಹೋಗುವುದು. ಮೇಷ್ಟ್ರು ಹೆಸರು ಕೂಗುವುದು. ಪಾಸಾದರೆ ಪೆಪ್ಪರಮಿಂಟು, ಫೇಲಾದರೆ ಸಂಜೆವರೆಗೆ ಮನೆಗೆ ಹೋಗದೆ ಕೆರೆ ಏರಿ ಮೇಲೆ ಕೂರುವುದು. ಕೆರೆ ಏರಿಯ ಮೇಲೆ ಕೂತ ನನ್ನ ಅನುಭವ ಜಾಸ್ತಿ ಇದೆ. ಆ ಪದ್ಧತಿ ಚೆನ್ನಾಗಿತ್ತು ಅನ್ನುವಷ್ಟು ಮರೆವು ನನಗೆ ಬಂದಿಲ್ಲ. ಸರ್ಕಾರಿ ಶಾಲೆಗಳಲ್ಲಿ ಇವತ್ತಿಗೂ ಆ ಹೊತ್ತಿಗೇ ಫಲಿತಾಂಶ, ತಂದೆತಾಯಿಯರನ್ನು ಕರೆದು ಮಕ್ಕಳ ಕಲಿಕೆ ತೋರಿಸುತ್ತಾರೆ. ಅದಕ್ಕೆ ಗೌನಿಲ್ಲ. ಹಾಗಾಗಿ ಯಾರ ಸ್ಟೇಟಸ್ಸಿನಲ್ಲೂ ಕಾಣುವುದಿಲ್ಲ.

ಇನ್ನು ನಮ್ಮ ಪಕ್ಕದ ಮನೆ ಪುಟ್ಟಿಯ ಕಥೆ. ಅವಳೂ ಅದೇ ಕ್ಲಾಸು, ಅದೇ ಗೌನು. ಬೇಸ್‌ಬಾಲ್ ಬ್ಯಾಟ್ ಹಿಡಿದ ಓಬವ್ವ ಅವಳೇ. ಹುಟ್ಟಿದ್ದು 2020ರ ಜನವರಿ 16. ಐದು ವರ್ಷ ಐದು ತಿಂಗಳಿಗೆ ಹದಿನೈದು ದಿನ ಕಡಿಮೆ.

"ಡಾಕ್ಟ್ರು ಹೊಸ ವರ್ಷದ ದಿನಾನೇ ಆಪರೇಶನ್ ಮಾಡ್ತೀನಿ ಅಂದಿದ್ರು ಅಂಕಲ್" ಅಂತ ಅವಳ ತಾಯಿ ಕಾಂಪೌಂಡಿನ ಆಚೆಯಿಂದ ಹೇಳಿದಳು. "ನಮ್ಮತ್ತೆ, ಉತ್ತರಾಯಣ ಬರಲಿ, ಮಗು ಭವಿಷ್ಯ ಚೆನ್ನಾಗಿರುತ್ತೆ ಅಂದ್ರು."

ಅತ್ತೆ ಒಳಗಿನಿಂದ ಕೆಮ್ಮಿದರು.

ಪುಟ್ಟಿ ಇನ್ನೊಂದು ವರ್ಷ ಯುಕೆಜಿ. ಶಾಲೆಯವರು ಅದನ್ನು "ಯುಕೆಜಿ ಪ್ಲಸ್" ಅನ್ನುತ್ತಾರಂತೆ. ಪ್ಲಸ್ ಇರುವುದು ಫೀಸಿನಲ್ಲಿ. ಮುಂದಿನ ಮಾರ್ಚ್‌ಗೆ ಮತ್ತೆ ಗ್ರ್ಯಾಜುಯೇಶನ್. ಹಳೇ ಗೌನು ನಡೆಯುವುದಿಲ್ಲ. ಮುಂದಿನ ವರ್ಷ ಮೆರೂನ್ ಬಣ್ಣ ಅಂತ ಈಗಲೇ ತೀರ್ಮಾನವಾಗಿದೆ.

ಮೊನ್ನೆ ಸಂಜೆ ಅದೇ ಹಳೇ ಗೌನು ತೊಟ್ಟು, ಕುಚ್ಚಿಲ್ಲದ ಟೋಪಿ ಹಾಕಿಕೊಂಡು ಪುಟ್ಟಿ ನಮ್ಮ ಮನೆ ಮೆಟ್ಟಿಲ ಮೇಲೆ ಬಂದು ಕೂತಳು. ಗೌನಿನ ಜೇಬಿನ ತುಂಬ ಕಡ್ಲೆಕಾಯಿ. ನನಗೂ ಎರಡು ಕೊಟ್ಟಳು.

"ತಾತ, ನಿಮಗೂ ಎರಡನೇ ಸಲಕ್ಕೆ ಆಗಿದ್ದಂತೆ? ಅಜ್ಜಿ ಹೇಳಿದ್ರು."

"ಹೂಂ ಕಣಮ್ಮ."

"ಆಗ ಯಾವ ಕಲರ್ ಕೊಟ್ರು?"

"ಕೊಡ್ಲಿಲ್ಲ ಪುಟ್ಟಿ. ಪೋಸ್ಟಲ್ಲಿ ಬಂತು."

ಸ್ವಲ್ಪ ಹೊತ್ತು ಸಿಪ್ಪೆ ಸುಲಿಯುತ್ತಾ ಯೋಚಿಸಿದಳು.

"ಡೆಲಿವರಿ ಫ್ರೀನಾ?"