ಪಹಣಿ ಎಂದರೇನು ಎಂದು ನಾನು ಕೇಳಿರಲಿಲ್ಲ

ಬೆಳೆಸಾಲಕ್ಕೆಂದು ಬ್ಯಾಂಕಿನವರು ಪಹಣಿ ಕೇಳಿದ್ದರಿಂದ, ಇಂದು ಬೆಳಿಗ್ಗೆ ಸರ್ವೆ ನಂಬರ್ ಹಿಡಿದು ಗೂಗಲ್‌ನಲ್ಲಿ ಹುಡುಕಲು ಕುಳಿತ ನನಗೆ ಮೊದಲು ಸಿಕ್ಕಿದ್ದು ಪಹಣಿಯಲ್ಲ, ಪಹಣಿಯ ಕುರಿತ ಪ್ರಬಂಧ. ‘ಪಹಣಿ ಎಂದರೇನು?’, ‘ಪಹಣಿಯ ಮಹತ್ವವೇನು?’, ‘ಪಹಣಿಯ ಪ್ರಯೋಜನಗಳೇನು?’ ಎಂದು ಪ್ರತಿ ಸಾಲಿನಲ್ಲೂ ಅದೇ ಪದವನ್ನು ತುರುಕಿ, ತಲೆತಲಾಂತರದಿಂದ ಹೊಲ ಉಳುತ್ತಿರುವವರಿಗೆ ಪಾಠ ಹೇಳುವ ಈ ಉತ್ಸಾಹ ಯಾರಿಗಾಗಿ? ಓದುವ ರೈತನಿಗಂತೂ ಅಲ್ಲ. ಇದೆಲ್ಲ ಹುಡುಕಾಟದ ಯಂತ್ರಕ್ಕೆ ಇಡುವ ನೈವೇದ್ಯ.

ಶೀರ್ಷಿಕೆಯಲ್ಲಿ ಈ ವರ್ಷದ ಇಸವಿ ಹೊಳೆಯುತ್ತಿದ್ದರೂ ಒಳಗಿನ ಚಿತ್ರದಲ್ಲಿರುವುದು ಸರ್ಕಾರದ ಭೂದಾಖಲೆಗಳ ‘ಭೂಮಿ’ ಜಾಲತಾಣದ ಹಳೆಯ ಮುಖಪುಟ. ಜಾಹೀರಾತುಗಳನ್ನೂ, ‘ವಾಟ್ಸಾಪ್ ಗುಂಪಿಗೆ ಸೇರಿ’ ಎಂಬ ಹಸಿರು ಗುಂಡಿಯನ್ನೂ ದಾಟಿ, ಕಟ್ಟಕಡೆಯಲ್ಲಿರುವ ‘ಇಲ್ಲಿ ಕ್ಲಿಕ್ ಮಾಡಿ’ಯನ್ನು ಒತ್ತಿದರೆ ತೆರೆದುಕೊಳ್ಳುವುದು ಅದೇ ತಾಣದ ‘ಪಹಣಿ ಪಡೆಯುವುದು ಹೇಗೆ?’ ಎಂಬ ಇನ್ನೊಂದು ಪುಟ! ಸರ್ಕಾರದ ಅಸಲಿ ತಾಣ ಇವರೆಲ್ಲರ ಕೆಳಗೆ ಎಲ್ಲೋ ಮುದುಡಿಕೊಂಡಿರುತ್ತದೆ.

ಇಂತಹ ಪೊಳ್ಳು ಪುಟಗಳನ್ನು ಕೆಳಗಿಳಿಸಲೆಂದೇ ಗೂಗಲ್ ತನ್ನ ಹುಡುಕಾಟದ ಸೂತ್ರವನ್ನು ಪರಿಷ್ಕರಿಸಿ 2011ರಲ್ಲಿ ‘ಪಾಂಡಾ’ವನ್ನೂ, ಪದ ತುರುಕುವವರನ್ನು ಹಾಗೂ ಕೃತಕ ಕೊಂಡಿಗಳನ್ನು ಹೆಣೆಯುವವರನ್ನು ದಂಡಿಸಲು 2012ರಲ್ಲಿ ‘ಪೆಂಗ್ವಿನ್’ ಅನ್ನೂ ತಂದಿತ್ತು. ಆ ಪ್ರಾಣಿಗಳಿಗೆ ಕನ್ನಡ ಓದಲು ಬರುವುದಿಲ್ಲವೇ, ಅಥವಾ ಅವೂ ವಾಟ್ಸಾಪ್ ಗುಂಪಿಗೆ ಸೇರಿಬಿಟ್ಟಿವೆಯೇ?

ಇಷ್ಟೆಲ್ಲ ಸುತ್ತಾಡಿಸಿದ ಮೇಲೆ, ‘ಈ ಮಾಹಿತಿ ಉಪಯುಕ್ತವಾಗಿದ್ದರೆ ನಿಮ್ಮ ಬಂಧುಮಿತ್ರರಿಗೂ ಹಂಚಿ’ ಎಂಬ ವಿನಂತಿ ಬೇರೆ. ಯಾವ ಮಾಹಿತಿ, ಸ್ವಾಮಿ?