ಹಿಮಾಲಯದಲ್ಲಿ ಒಂದು ಸೇರು ಕುಚ್ಚಲಕ್ಕಿ

ಉಡುಪಿಯ ನಮ್ಮ ಮನೆಯಲ್ಲಿ ಚಳಿಗಾಲ ಬಂತೆಂದು ಗೊತ್ತಾಗುವುದು ತೆಂಗಿನೆಣ್ಣೆಯ ಬಾಟಲಿಯಿಂದ. ಡಿಸೆಂಬರಿನ ಒಂದು ಬೆಳಿಗ್ಗೆ ಎಣ್ಣೆ ತುಪ್ಪದ ಹಾಗೆ ಹೆಪ್ಪುಗಟ್ಟಿ ಕುಳಿತರೆ ಸಾಕು, ಅತ್ತೆ "ಈ ಸಲ ಚಳಿ ಜೋರುಂಟು" ಎಂದು ತಲೆಗೆ ಮಫ್ಲರ್ ಸುತ್ತಿಕೊಳ್ಳುತ್ತಾರೆ. ಆ ಎಣ್ಣೆ ಹೆಪ್ಪುಗಟ್ಟಲು 24 ಡಿಗ್ರಿಗಿಂತ ಒಂಚೂರು ಕೆಳಗಿಳಿದರೂ ಸಾಕು ಎಂದು ಅವರಿಗೆ ಯಾರೂ ಹೇಳಿಲ್ಲ. ಹೇಳುವ ಧೈರ್ಯ ನನಗಂತೂ ಇಲ್ಲ. ಇಂಥ ಮನೆಯಿಂದ ಮೂವರು, ಅಂದರೆ ನಾನು, ಇವರು ಮತ್ತು ದಿನಾ ಜಿಮ್ಮಿಗೆ ಹೋಗುವ ಇಪ್ಪತ್ತರ ಮಗ, ಕಳೆದ ಡಿಸೆಂಬರಿನಲ್ಲಿ ಉತ್ತರಾಖಂಡದ ಕೇದಾರಕಂಠ ಹತ್ತಲು ಹೊರಟೆವು. ಎತ್ತರ 12,500 ಅಡಿ.

ಹೊರಡಿಸಿದ್ದು ಮಗ. ಧೈರ್ಯ ತುಂಬಿದ್ದು ಇವರು. "ಕುಮಾರಪರ್ವತ ಹತ್ತಿದವನಿಗೆ ಇದೆಂತ ಮಹಾ ಮಾರಾಯ್ತಿ?" ಕುಮಾರಪರ್ವತ ಹತ್ತಿದ್ದು 1998ರಲ್ಲಿ, ನನ್ನನ್ನು ನೋಡಲು ಬರುವುದಕ್ಕೂ ಮುಂಚೆ, ಈಗಿನದಕ್ಕಿಂತ ಇಪ್ಪತ್ತೆರಡು ಕಿಲೋ ಕಡಿಮೆ ಇದ್ದಾಗ. ಮಗ ಮೊಬೈಲ್ ತೆಗೆದು ಲೆಕ್ಕ ತೋರಿಸಿದ. ಕುಮಾರಪರ್ವತದ ತುದಿ 1,712 ಮೀಟರ್. ಕೇದಾರಕಂಠದ ಬುಡದಲ್ಲಿರುವ ಸಾಂಕ್ರಿ ಎಂಬ ಹಳ್ಳಿಯೇ 1,900 ಮೀಟರ್ ದಾಟಿದೆ. ಇವರ ಜೀವಮಾನದ ಸಾಧನೆ ಅಲ್ಲಿಯ ಜೀಪು ನಿಲ್ಲುವ ಜಾಗಕ್ಕಿಂತ ಕೆಳಗಿತ್ತು. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ಅಲ್ಲಿ ಜಿಗಣೆ ಇರ್ಲಿಕ್ಕಿಲ್ಲ" ಎಂದರು. ಅದು ನಿಜವೇ.

ತಯಾರಿಗೆಂದು ಮೂರು ಭಾನುವಾರ ಕಾರ್ಕಳದ ಬಾಹುಬಲಿ ಬೆಟ್ಟಕ್ಕೆ ಹೋದೆವು. ಭಾರ ಹೊತ್ತು ಅಭ್ಯಾಸವಾಗಬೇಕು ಎಂದು ಮಗ ನನ್ನ ಚೀಲಕ್ಕೆ ನಾಲ್ಕು ತೆಂಗಿನಕಾಯಿ ಹಾಕಿದ. ದಾರಿಯಲ್ಲಿ ಸಿಕ್ಕಿದ ಹೆಂಗಸೊಬ್ಬರು "ಇಲ್ಲಿ ಕಾಯಿ ಒಡೆಯುವ ಕ್ರಮ ಇಲ್ಲ ಅಮ್ಮಾ" ಎಂದು ಮೆಲ್ಲಗೆ ತಿಳಿಹೇಳಿದರು. 1432ರಿಂದ ಒಂದೇ ಕಡೆ ನಿಂತಿರುವ 42 ಅಡಿಯ ಗೊಮ್ಮಟನನ್ನು ನೋಡಿದಾಗ, ಅಲುಗಾಡದೆ ಇರುವುದರಲ್ಲಿಯೂ ದೊಡ್ಡತನವಿದೆ ಎಂದು ನನಗೆ ಬಲವಾಗಿ ಅನ್ನಿಸಿತು. ಇಳಿದ ಮೇಲೆ ಮೂವರೂ ಸೇರಿ ಎರಡೆರಡು ಪ್ಲೇಟ್ ಗೋಳಿಬಜೆ ತಿಂದೆವು.

ಚಳಿಬಟ್ಟೆಗೆ ಪೇಟೆಗೆ ಹೋದರೆ ಅದಿನ್ನೊಂದು ಪಾಡು. "ಥರ್ಮಲ್ ಉಂಟಾ?" ಎಂದು ಕೇಳಿದೆ. ಅಂಗಡಿಯವರು ಬಹಳ ಉತ್ಸಾಹದಿಂದ, "ಅರ್ಧ ಲೀಟರಿದ್ದಾ, ಒಂದು ಲೀಟರಿದ್ದಾ?" ಎಂದರು.

ಡಾಕ್ಟರರು ಮಾತ್ರ ನಮ್ಮನ್ನು ಗಂಭೀರವಾಗಿ ತೆಗೆದುಕೊಂಡರು. ಸಲ್ಫಾ ಅಲರ್ಜಿ ಉಂಟಾ ಎಂದು ವಿಚಾರಿಸಿ, ಎತ್ತರಕ್ಕೆ ಹೋದಾಗ ಬರುವ ತಲೆನೋವು, ಓಕರಿಕೆ ತಡೆಯಲು ಡಯಾಮಾಕ್ಸ್ ಎಂಬ ಮಾತ್ರೆ ಬರೆದುಕೊಟ್ಟರು. "ಬೆರಳ ತುದಿ ಜುಮುಜುಮು ಅಂತದೆ, ಹೆದರಬೇಡಿ. ಮತ್ತೆ, ಪದೇ ಪದೇ ಬಾತ್‌ರೂಮಿಗೆ ಹೋಗಬೇಕಾಗ್ತದೆ." ಇವರು ಕುಮಾರಪರ್ವತದ ಹೆಸರು ಹೇಳಿ ಮಾತ್ರೆ ಬೇಡವೆಂದರು. ಮಗ ಜಿಮ್ಮಿನ ಹೆಸರು ಹೇಳಿ ಬೇಡವೆಂದ. ಹೇಳಿಕೊಳ್ಳಲು ನನಗೆ ಯಾವ ಹೆಸರೂ ಇರಲಿಲ್ಲ, ನುಂಗಿದೆ.

ಅತ್ತೆ ಕಟ್ಟಿಕೊಟ್ಟ ಗಂಟು ಬೇರೆ ಇತ್ತು. ಮಾವಿನ ಮಿಡಿ ಉಪ್ಪಿನಕಾಯಿ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಹಲಸಿನಕಾಯಿ ಚಿಪ್ಸ್, ತೆಂಗಿನೆಣ್ಣೆ, ಒಂದು ಸೇರು ಕುಚ್ಚಲಕ್ಕಿ. "ಅಲ್ಲಿ ಬೆಳ್ತಿಗೆ ಅನ್ನವೇ ಸಿಗುವುದು. ಗಂಜಿ ಇಲ್ಲದಿದ್ದರೆ ಅವನಿಗೆ ಹೊಟ್ಟೆ ಸರಿಯಾಗುವುದಿಲ್ಲ." ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಈ ಅಕ್ಕಿ ನನ್ನ ತಲೆದಿಂಬಾಗಿತ್ತು.

ಡೆಹ್ರಾಡೂನಿನಿಂದ ಸಾಂಕ್ರಿಗೆ ಇನ್ನೂರು ಕಿಲೋಮೀಟರ್ ಹತ್ತಿರ, ಹತ್ತು ಗಂಟೆ. ಆಗುಂಬೆಯ 14 ತಿರುವು ವಾಂತಿಯಿಲ್ಲದೆ ದಾಟಿದರೆ ಹೆಮ್ಮೆ ಪಡುವವರು ನಾವು. ಇಲ್ಲಿ ಮಸ್ಸೂರಿ ಮುಟ್ಟುವ ಮೊದಲೇ ಹದಿನಾಲ್ಕು ಮುಗಿದಿತ್ತು. ಮುಂದಿನದನ್ನು ನಾನು ಎಣಿಸಲಿಲ್ಲ, ಪ್ಲಾಸ್ಟಿಕ್ ಚೀಲ ಹಿಡಿದುಕೊಳ್ಳುವುದೇ ಕೆಲಸವಾಗಿತ್ತು.

ಮೊದಲ ದಿನದ ಬಿಡಾರ ಜೂಡಾ ಕಾ ತಾಲಾಬ್ ಎಂಬ ಕೆರೆಯ ದಡದಲ್ಲಿ, ಸುಮಾರು 2,800 ಮೀಟರಿನಲ್ಲಿ. ಕೆರೆ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು, ಸುತ್ತ ದೇವದಾರು, ಓಕ್. ಚಂದವೇ, ಸುಳ್ಳಲ್ಲ. ಡೇರೆಯೊಳಗೆ ಚೀಲ ಬಿಚ್ಚಿದರೆ ಚಿಪ್ಸಿನ ಪೊಟ್ಟಣ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿ, ಮುಟ್ಟಿದರೆ ಟಣ್ಣೆನ್ನುವಷ್ಟು ಬಿಗಿದಿತ್ತು. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಒಳಗೆ ಮಾತ್ರ ಉಡುಪಿಯ ಗಾಳಿ ಹಾಗೇ ಕೂತಿರುತ್ತದೆ ಎಂದು ಮಗ ವಿವರಿಸುತ್ತಿದ್ದ. ನಾನು ಕೇಳಿಸಿಕೊಳ್ಳುತ್ತಾ ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ತಿರುಗಿಸಿದೆ. ಮಿಡಿ ಮೊದಲೇ ಸ್ವಲ್ಪ ಹುಳಿಬಂದಿತ್ತೋ ಏನೋ. ಫಟ್! ಹೊಸ ಬಿಳಿ ಉಣ್ಣೆಯಂಗಿ, ಇವರ ಕನ್ನಡಕ, ಡೇರೆಯ ಮಾಡು, ಎಲ್ಲಾ ಕಡೆ ಕೆಂಪು. ಇಂಗಿನ ಪರಿಮಳಕ್ಕೆ ಪಕ್ಕದ ಡೇರೆಯ ಪುಣೆಯ ಹುಡುಗಿಯರು ಬಂದು ಇಣುಕಿದರು. ಮುಂದಿನ ಮೂರು ದಿನ ಹಿಮಾಲಯದಲ್ಲಿ ನನ್ನನ್ನು ಯಾರೂ ಕಳೆದುಕೊಳ್ಳುವ ಹಾಗಿರಲಿಲ್ಲ, ಮೂಗಿದ್ದರೆ ಸಾಕಿತ್ತು.

ಗಂಜಿಯ ಪ್ರಸಂಗ ಆ ಸಂಜೆಯದ್ದು. ಅಡುಗೆಯ ಹುಡುಗ ಸಾಂಕ್ರಿಯವನು, ಬಹಳ ಒಳ್ಳೆಯವನು. ನಾನು ಕೊಟ್ಟ ಅಕ್ಕಿಯನ್ನು ಅಂಗೈಯಲ್ಲಿ ಹರಡಿ ದೀಪದ ಬೆಳಕಿಗೆ ಹಿಡಿದ. "ಮೇಡಂ, ಇದು ಅಕ್ಕಿಯೋ, ಮಣಿಯೋ?" ಕುಚ್ಚಲಕ್ಕಿ ನಮ್ಮ ಮನೆಯ ಒಲೆಯಲ್ಲೇ ಬೇಯಲು ಮುಕ್ಕಾಲು ಗಂಟೆ ಹಿಡಿಯುವ ಹಟಮಾರಿ. ಅಲ್ಲಿಯೋ ನೀರು ಸುಮಾರು 91 ಡಿಗ್ರಿಗೇ ಕುದಿಯುತ್ತದೆ. ಗುಳುಗುಳು ಸದ್ದು, ಆವಿ, ನೊರೆ ಎಲ್ಲಾ ಉಂಟು, ಬೇಯಿಸುವ ಕಾವು ಮಾತ್ರ ಇಲ್ಲ. ಒಂದು ಗಂಟೆಯಾದ ಮೇಲೆ ಸೌಟಿನಲ್ಲಿ ಎತ್ತಿ ನೋಡಿದರೆ ಒಂದೊಂದು ಕಾಳೂ ಸೆಟೆದು ನಿಂತಿತ್ತು. ಮತ್ತೆ ಕುಕ್ಕರಿಗೆ ವರ್ಗ. ಏಳು, ಎಂಟು, ಒಂಬತ್ತು ಸೀಟಿ. ಹನ್ನೊಂದನೆಯದಕ್ಕೆ ಆತ ಗ್ಯಾಸಿನ ಸಿಲಿಂಡರನ್ನು ಎತ್ತಿ ತೂಗಿ ನೋಡಿ, ನನ್ನ ಮುಖ ನೋಡಿದ. ನಾನು ಒಲೆ ಆರಿಸಿದೆ. ಇವರು ಆ ಅರೆಬೆಂದ ಗಂಜಿಯನ್ನು ಕಟುಂ ಕಟುಂ ಎಂದು ಅಗಿಯುತ್ತಾ, "ಅಮ್ಮ ಕೊಟ್ಟದ್ದಲ್ವಾ" ಎಂದರು. ತಾಯಿಪ್ರೇಮದ ಈ ಸದ್ದು ಡೇರೆಯ ಹೊರಗೂ ಕೇಳುತ್ತಿತ್ತು.

ಎರಡನೆಯ ದಿನ ಇನ್ನೂ ಮೇಲಿನ ಬಿಡಾರ. ಅಲ್ಲಿ ತಂಡದ ಲೀಡರ್ ಎಲ್ಲರ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದ. 2021ರಲ್ಲಿ ನಾವೂ ಒಂದು ತಂದಿದ್ದೆವು, ಈಗ ಹಪ್ಪಳದ ಡಬ್ಬಿಯ ಪಕ್ಕ ಇದೆ. ಆಗ ಅದರಲ್ಲಿ 94 ಕಂಡರೆ ಮನೆಯೆಲ್ಲಾ ಕಂಗಾಲು. ಇಲ್ಲಿ ನನಗೆ 86 ಬಂತು. ನನ್ನ ಮುಖ ಬಿಳಿಚಿದ್ದು ನೋಡಿ ಲೀಡರ್, "ಈ ಎತ್ತರಕ್ಕೆ ಚೆನ್ನಾಗಿದೆ ಆಂಟಿ" ಎಂದ. ಉಡುಪಿಯಲ್ಲಾದರೆ ಆ ಅಂಕಿಗೆ ಆಂಬುಲೆನ್ಸ್ ಬರುತ್ತಿತ್ತು, ಇಲ್ಲಿ ಚಹಾ ಬಂತು. ಇವರಿಗೆ 71 ತೋರಿಸಿದಾಗ ಮಾತ್ರ ಎಲ್ಲರೂ ಎದ್ದುನಿಂತರು. ಆಮೇಲೆ ನೋಡಿದರೆ ಬೆರಳು ಚಳಿಗೆ ಮರಗಟ್ಟಿತ್ತು. ಅಂಥ ಬೆರಳಿನಲ್ಲಿ ಯಂತ್ರಕ್ಕೆ ಏನೂ ತಿಳಿಯುವುದಿಲ್ಲವಂತೆ. ಕಂಕುಳಲ್ಲಿಟ್ಟು ಬಿಸಿಮಾಡಿ ಮತ್ತೆ ಹಾಕಿದರೆ 85. ನನಗಿಂತ ಒಂದು ಕಡಿಮೆ ಬಂತಲ್ಲ ಎಂದು ಇವರಿಗೆ ಬೇಜಾರಾಯಿತು.

ಮಲಗಿದ್ದು ಮಗ. ಎಲ್ಲರಿಗಿಂತ ಮುಂದೆ ದಾಪುಗಾಲು ಹಾಕಿ, ನಮಗಿಂತ ಒಂದು ಗಂಟೆ ಮೊದಲೇ ತಲುಪಿ, ಹಿಮದಲ್ಲಿ ಪುಷ್‌ಅಪ್ ಬೇರೆ ಹೊಡೆದಿದ್ದ. ಸಂಜೆಗೆ ತಲೆನೋವು, ಓಕರಿಕೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲಿಯೂ ನೂರಕ್ಕೆ 21ರಷ್ಟೇ, ಆದರೆ ಗಾಳಿಯೇ ತೆಳು. ಅದಕ್ಕೆ ದೇಹ ಹೊಂದಿಕೊಳ್ಳಬೇಕಾದರೆ ದಿನ ಬೇಕು, ತೋಳಿನ ಗಾತ್ರ ಅಲ್ಲ. ಓಡುವವರಿಗೇ ಇದು ಹೆಚ್ಚು ಎಂದು ಲೀಡರ್ ಹೇಳಿದ. "ನೋವು ಇಳಿಯದಿದ್ದರೆ ಮೇಲೆ ಹತ್ತುವುದು ಬೇಡ, ಹೆಚ್ಚಾದರೆ ರಾತ್ರಿಯಾದರೂ ಕೆಳಗಿಳಿಸುತ್ತೇವೆ." ಬಸವನಹುಳದಂತೆ ತೆವಳಿ ಬಂದ ನನಗೆ ಏನೂ ಆಗಿರಲಿಲ್ಲ, ಬೆರಳ ತುದಿ ಜುಮುಜುಮು ಅಷ್ಟೇ.

ಅಷ್ಟೇ ಎಂದೆನಾ? ಡಾಕ್ಟರರ ಎರಡನೆಯ ಮಾತು ಬಾಕಿಯಿತ್ತು. ರಾತ್ರಿ ಹನ್ನೊಂದಕ್ಕೆ ಮೊದಲ ಕರೆ ಬಂತು. ಹೊರಗೆ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ. ಸ್ಲೀಪಿಂಗ್ ಬ್ಯಾಗಿನ ಜಿಪ್ ಒಂದು, ಜಾಕೆಟ್ಟಿನದು ಎರಡು, ಡೇರೆಯ ಒಳಬಾಗಿಲು ಮೂರು, ಹೊರಬಾಗಿಲು ನಾಲ್ಕು. ಶೂ ಹಲಗೆಯಾಗಿತ್ತು, ಅದರ ಲೇಸು ಕಡ್ಡಿಯಾಗಿತ್ತು. ಶೌಚದ ಡೇರೆ ಐವತ್ತು ಹೆಜ್ಜೆ ದೂರ. ಅಲ್ಲಿ ಒಂದು ಹೊಂಡ, ಒಂದು ಮಣ್ಣಿನ ರಾಶಿ, ಒಂದು ಸಲಿಕೆ. ಒಂದರ ಮೇಲೊಂದು ತೊಟ್ಟಿದ್ದ ನಾಲ್ಕು ಪದರ ಬಟ್ಟೆಯ ವಿವರ ಬೇಡ. ಮರಳಿ ಬಂದು, ನಾಲ್ಕೂ ಜಿಪ್ ಎಳೆದು, ಮೈ ಬೆಚ್ಚಗಾಗುವ ಹೊತ್ತಿಗೆ ಎರಡನೆಯ ಕರೆ. ಆಕಾಶದಲ್ಲಿ ಅಷ್ಟು ನಕ್ಷತ್ರ ನಾನು ಹುಟ್ಟಿದ ಮೇಲೆ ನೋಡಿಲ್ಲ, ಅದಂತೂ ಹೌದು. ಮೂರನೆಯ ಸಲ ಮಾತ್ರ ತಲೆ ಎತ್ತಲಿಲ್ಲ.

ಹಿಂದಿರುಗಿದಾಗ ಡೇರೆಯಲ್ಲಿ ಸದ್ದಿಲ್ಲ. ಇವರ ಗೊರಕೆ ನಿಂತಿತ್ತು. ಇಪ್ಪತ್ತೆರಡು ವರ್ಷ ನಿಲ್ಲಲಿ ಎಂದು ಬೇಡಿಕೊಂಡ ಗೊರಕೆ. ಕಿವಿ ಕೊಟ್ಟರೆ ಗೊರಕೆಯಲ್ಲ, ಉಸಿರೇ ಇಲ್ಲ. ಎಣಿಸಿದೆ. ಐದು... ಎಂಟು... ಹತ್ತು. "ರೀ!" ಎಂದು ಕೈ ಹಾಕುವಷ್ಟರಲ್ಲಿ ಕೋಣ ಗದ್ದೆಗಿಳಿದ ಹಾಗೆ ಒಂದು ದೊಡ್ಡ ಉಸಿರು, ಅದರ ಬೆನ್ನಿಗೆ ನಾಲ್ಕು ಸಣ್ಣವು, ಮತ್ತೆ ಮೌನ. ಆ ಎತ್ತರದಲ್ಲಿ ನಿದ್ದೆಯಲ್ಲಿ ಹೀಗೆ ಉಸಿರು ಬಿಟ್ಟು ಬಿಟ್ಟು ಬರುವುದು ಸಾಮಾನ್ಯ, ನಾನು ನುಂಗಿದ ಮಾತ್ರೆ ಅದಕ್ಕೂ ಮದ್ದು ಎಂದು ಲೀಡರ್ ಹೇಳಿದ್ದು ಮಾರನೆಯ ದಿನ. ಆ ರಾತ್ರಿ ನಾನು ಎಣಿಸುತ್ತಲೇ ಕೂತೆ. "ಚಂದ ನಿದ್ದೆ ಬಂತು ಮಾರಾಯ್ತಿ" ಎಂದು ಇವರು ಎದ್ದು ಮೈ ಮುರಿದರು.

ಬೆಳಗಿನ ಮೂರು ಗಂಟೆಗೆ ತುದಿಗೆ ಹೊರಡಬೇಕು. ಮಗನ ತಲೆನೋವು ಹೆಚ್ಚಿರಲಿಲ್ಲ, ಇಳಿದೂ ಇರಲಿಲ್ಲ. ಅವನು ಬಿಡಾರದವರ ಜೊತೆ ಉಳಿದ. ನಾನೂ ಉಳಿಯುತ್ತೇನೆಂದರೆ ಕೇಳಲಿಲ್ಲ. "ನೀವಿಬ್ಬರೂ ಹೋಗಿ. ಒಂದು ಫೋಟೋ ಸಾಕು ನನಗೆ."

ಶೂಗೆ ಮುಳ್ಳಿನ ಸರಪಳಿ ಕಟ್ಟಿಕೊಂಡು ಹಿಮದಲ್ಲಿ ನಡೆದೆವು. ವಿಷ್ಣುಸಹಸ್ರನಾಮದ ಒಂದೊಂದು ನಾಮಕ್ಕೆ ಒಂದೊಂದು ಹೆಜ್ಜೆ ಎಂದು ನಾನು ನಿಯಮ ಹಾಕಿಕೊಂಡೆ. ಮೊದಲು ನೂರು ನಾಮಕ್ಕೊಮ್ಮೆ ನಿಲ್ಲುತ್ತಿದ್ದೆ, ಆಮೇಲೆ ಹತ್ತಕ್ಕೆ, ಕೊನೆಗೆ ಒಂದು ನಾಮಕ್ಕೆ ಎರಡು ಉಸಿರು. ನಡುವೆ ಎಲ್ಲೋ ತಪ್ಪಿ ಲಲಿತಾಸಹಸ್ರನಾಮಕ್ಕೆ ಜಾರಿದ್ದು ಬಹಳ ಹೊತ್ತು ಗೊತ್ತೇ ಆಗಲಿಲ್ಲ. ಎಷ್ಟು ದೂರ ಎಂದು ಕೇಳಿದಾಗೆಲ್ಲ ಗೈಡ್ "ಇನ್ನು ಹತ್ತು ನಿಮಿಷ" ಎನ್ನುತ್ತಿದ್ದ. ನಮ್ಮೂರಿನಲ್ಲಿ "ಈಗ ಬಂದೆ" ಎನ್ನುತ್ತಾರಲ್ಲ, ಅದೇ ಜಾತಿಯ ಮಾತು.

ತುದಿಯಲ್ಲಿ ಕಲ್ಲುಗಳ ನಡುವೆ ಶಿವನ ಪುಟ್ಟ ಗುಡಿ, ತ್ರಿಶೂಲ. ಎದುರಿಗೆ ಸ್ವರ್ಗಾರೋಹಿಣಿ, ಪಾಂಡವರು ಸ್ವರ್ಗಕ್ಕೆ ಹೊರಟ ದಾರಿಯಂತೆ. ಆಚೆ ಬಂದರ್‌ಪೂಂಛ್, ಅಂದರೆ ಮಂಗನ ಬಾಲ. ಬಿಸಿಲು ಒಂದೊಂದೇ ಶಿಖರಕ್ಕೆ ಅರಿಶಿನ ಹಚ್ಚುತ್ತಾ ಬಂತು. ನಾವಿಬ್ಬರೂ ಏನೂ ಮಾತಾಡಲಿಲ್ಲ, ಮಾತಿಗೆ ಬೇಕಾದ ಉಸಿರೂ ಇರಲಿಲ್ಲ. ಫೋಟೋಗೆಂದು ಮೊಬೈಲ್ ತೆಗೆದೆ. 68 ಇದ್ದ ಬ್ಯಾಟರಿ ಕಣ್ಣೆದುರೇ ಸೊನ್ನೆಯಾಗಿ ಆರಿತು. ಚಳಿಗೆ ಹಾಗಾಗುತ್ತದೆ, ಒಳಂಗಿಯ ಕಿಸೆಯಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳಬೇಕಂತೆ. ಇವರದ್ದು ಬಿಡಾರದಲ್ಲಿ ಮಗನ ಹತ್ತಿರವೇ ಉಳಿದಿತ್ತು. ಕೊನೆಗೆ ಪುಣೆಯ ಹುಡುಗಿಯರು ತೆಗೆದು ಕಳಿಸಿದ ಫೋಟೋದಲ್ಲಿ ಇವರ ಕಣ್ಣು ಮುಚ್ಚಿದೆ, ನನ್ನ ಅಂಗಿಯ ಮೇಲಿನ ಉಪ್ಪಿನಕಾಯಿಯ ಕಲೆ ಮಾತ್ರ ಸ್ವರ್ಗಾರೋಹಿಣಿಗಿಂತ ಸ್ಪಷ್ಟವಾಗಿ ಬಂದಿದೆ.

ಸಾಂಕ್ರಿಗೆ ಇಳಿಯುತ್ತಲೇ ಮಗ ಸರಿಹೋಗಿ ನಾಲ್ಕು ಪರಾಠ ತಿಂದ. ಉಡುಪಿ ಸ್ಟೇಷನ್ನಿನಲ್ಲಿ ರೈಲಿನಿಂದ ಕಾಲಿಟ್ಟ ಕೂಡಲೇ ಬೆವರು ಬಂತು, ಮೊದಲ ಸಲ ಅದನ್ನು ಒರೆಸಿಕೊಳ್ಳಲು ಮನಸ್ಸಾಗಲಿಲ್ಲ. ಹಿಮ ಬಿಸಿಲನ್ನು ಕೆಳಗಿನಿಂದಲೂ ಎಸೆಯುತ್ತದೆ. ಮೂಗಿನ ಹೊಳ್ಳೆಯ ಒಳಅಂಚಿಗೂ ಕ್ರೀಮ್ ಹಚ್ಚಬೇಕೆಂದು ಗೊತ್ತಿರದ ನಮ್ಮಿಬ್ಬರ ಮೂಗು ಸುಟ್ಟು ಸಿಪ್ಪೆ ಏಳುತ್ತಿತ್ತು. ಗೇಟಿನ ಹತ್ತಿರ ಸಿಕ್ಕಿದ ಪಕ್ಕದ ಮನೆಯವರು, "ಎಂತ ಮಾರಾಯ್ರೆ, ಇಷ್ಟು ಕಪ್ಪಾಗಿದ್ದೀರಿ? ಮಲ್ಪೆಗೆ ಹೋಗಿದ್ರಾ?" ಎಂದರು.

ಅತ್ತೆ ಮೊದಲು ನೋಡಿದ್ದು ಅಕ್ಕಿಯ ಗಂಟನ್ನು. ಮುಕ್ಕಾಲು ಸೇರು ಹಾಗೇ ಮರಳಿ ಬಂದಿತ್ತು. ಏನೂ ಹೇಳಲಿಲ್ಲ. ಆಮೇಲೆ ಚೀಲದಿಂದ ಎಣ್ಣೆಯ ಬಾಟಲಿ ತೆಗೆದು ಬೆಳಕಿಗೆ ಹಿಡಿದು ಕೇಳಿದರು.

"ಅಲ್ಲಿ ಎಣ್ಣೆ ಗಟ್ಟಿಯಾಗಿತ್ತಾ?"

"ಆಗಿತ್ತು ಅತ್ತೆ. ಕಲ್ಲಾಗಿತ್ತು."

"ಹಾಂ. ಇಲ್ಲಿಯೂ ಆಗಿತ್ತು" ಎಂದು ಮಫ್ಲರ್ ಸರಿಮಾಡಿಕೊಂಡರು. "ಇದೇ ಚಳಿಗೆ ಅಷ್ಟು ದೂರ ಯಾಕೆ ಹೋದದ್ದು ನೀವು?"