ಅದು ಇರುವುದೇ ಹಾಗೆ

ನನಗೆ ಬಾಯಿಪಾಠವಿರುವ ಹಾಡುಗಳಲ್ಲಿ ಹತ್ತಿಪ್ಪತ್ತಕ್ಕಾದರೂ ಕೊನೆಯ ಚರಣವಿಲ್ಲ. ಕವಿ ಬರೆದಿದ್ದಾರೆ, ಗಾಯಕರು ಹಾಡಿದ್ದಾರೆ, ನನ್ನ ಕ್ಯಾಸೆಟ್ಟಿನಲ್ಲಿ ಜಾಗವಿರಲಿಲ್ಲ, ಅಷ್ಟೆ. 60 ನಿಮಿಷದ ಕ್ಯಾಸೆಟ್ ಎಂದರೆ ಒಂದು ಬದಿಗೆ ಮೂವತ್ತೇ ನಿಮಿಷ. ಬೇಕಾದ ಹಾಡುಗಳ ಚೀಟಿ ಬರೆಯುವಾಗ ಆಸೆ ಆ ಲೆಕ್ಕ ಕೇಳುತ್ತದೆಯೇ? ಏಳನೆಯ ಹಾಡಿನ ನಡುವೆ ಟೇಪು ಮುಗಿದು ಟೇಪ್ ರೆಕಾರ್ಡರಿನ ಗುಂಡಿ ಟಕ್ಕೆಂದು ಮೇಲೆ ಹಾರುತ್ತಿತ್ತು. ಈಗಲೂ ಮದುವೆ ಮನೆಯಲ್ಲಿ ಯಾರಾದರೂ ಅಂಥ ಹಾಡನ್ನು ಪೂರ್ತಿ ಹಾಡಿದರೆ, ಆ ಟಕ್ಕಿನ ನಂತರದ್ದೆಲ್ಲ ಅವರೇ ಸೇರಿಸಿದ್ದು ಎಂದು ನನಗೆ ಗುಮಾನಿ.

ಇದು 1980ರ ದಶಕದ, ಮುಂಬಯಿಯ ಮಾಟುಂಗಾದ ಮಾತು. ಕಟ್ಟಡವೊಂದರ ಮೆಟ್ಟಿಲ ಕೆಳಗೆ ರೆಕಾರ್ಡಿಂಗ್ ಅಂಗಡಿ: ಒಂದು ಸ್ಟೂಲು, ಅದರ ಮೇಲೆ ಕುಂದಾಪುರದ ಕಡೆಯ ಒಬ್ಬ ಅಣ್ಣ, ಬೆನ್ನ ಹಿಂದೆ ಗೋಡೆ ತುಂಬ ಪ್ಲೇಟುಗಳು. ಹೋಟೆಲಿನಲ್ಲಿ ದುಡಿಯುತ್ತಿದ್ದ ನಮಗೆ ಎಲ್‌ಪಿ ರೆಕಾರ್ಡೂ ಪ್ಲೇಟೇ. ಖಾಲಿ ಕ್ಯಾಸೆಟ್ಟನ್ನೂ ಚೀಟಿಯನ್ನೂ ಕೊಟ್ಟು ಬಂದರೆ ಮೂರನೆಯ ದಿನಕ್ಕೆ ತಯಾರು. ಎ ಬದಿಯ ಹೆಸರುಗಳು ಕೆಂಪು ಶಾಯಿಯಲ್ಲಿ, ಬಿ ಬದಿಯವು ನೀಲಿಯಲ್ಲಿ. ಹಕ್ಕುಸ್ವಾಮ್ಯ ಎಂಬುದು ಆ ಮೆಟ್ಟಿಲ ಕೆಳಗೆ ತಲೆ ಬಗ್ಗಿಸಿ ಬಂದದ್ದನ್ನು ನಾನು ಕಂಡಿಲ್ಲ.

ಕೋಣೆಯಲ್ಲಿದ್ದ ಐವರಲ್ಲಿ ಇಂಗ್ಲಿಷ್ ಹಾಡು ಕೇಳುವವನು ಎಂಬ ಮರ್ಯಾದೆ ನನಗಿರಲಿ ಎಂದು ಒಮ್ಮೆ ಬೀಟಲ್ಸ್‌ ತಂಡದ, 1969ರ 'ಆ್ಯಬಿ ರೋಡ್' ತುಂಬಿಸಿಕೊಂಡೆ. ಮೊದಲ ಬದಿಯ ಕೊನೆಯ ಹಾಡು 'ಐ ವಾಂಟ್ ಯು'. ಸುಮಾರು ಎಂಟು ನಿಮಿಷದ್ದು. ಕೊನೆಗೆ ಮಾತು ನಿಂತು ಗಿಟಾರಿನ ಒಂದೇ ಸುತ್ತು ಮತ್ತೆ ಮತ್ತೆ, ಗಾಣದೆತ್ತಿನ ಹಾಗೆ. ಅದರ ಮೇಲೆ ಬಿರುಗಾಳಿಯಂಥ ಸದ್ದು ಏರುತ್ತ ಏರುತ್ತ ಹೋಗಿ, ಇನ್ನೇನು ಸಿಡಿಲು ಹೊಡೆಯಬೇಕು, ಪೂರ್ತಿ ಮೌನ. ಹಾಡು ಮುಗಿದದ್ದಲ್ಲ, ಕತ್ತರಿಸಿದ್ದು. ಬಿ ಬದಿಯೂ ಹಾಗೆಯೇ. ಎಲ್ಲ ಮುಗಿಯಿತು ಅನ್ನುವಾಗ 23 ಸೆಕೆಂಡಿನ ಪುಟ್ಟ ಹಾಡೊಂದು ಬಂದು, ಕೊನೆಯ ಸ್ವರ ಬಾರದೆಯೇ ಮಾಯ.

ಮರುದಿನ ಬೆಳಿಗ್ಗೆಯೇ ಜಗಳಕ್ಕೆ ಹೋದೆ.

"ಅಣ್ಣ, ಎರಡು ಬದಿಯೂ ಅರ್ಧಕ್ಕೆ ನಿಂತಿವೆ."

"ಅದು ಇರುವುದೇ ಹಾಗೆ ಮಾರಾಯ. ಪ್ಲೇಟಿನಲ್ಲೇ ಹಾಗಿದೆ."

ಎಂಥ ಧೈರ್ಯದ ಸುಳ್ಳು ಎಂದುಕೊಂಡೆ. ನಿಜಕ್ಕೆ ಸಾಕ್ಷಿ ನನ್ನ ಕೈಯಲ್ಲೇ ಇತ್ತು: ಟೇಪು ಮುಗಿದಿದ್ದರೆ ಗುಂಡಿ ಹಾರಬೇಕಿತ್ತು. ಹಾಡು ಕಡಿದ ಮೇಲೂ ಚಕ್ರಗಳೆರಡೂ ಐದು ನಿಮಿಷ ಸುಮ್ಮನೆ ತಿರುಗುತ್ತಿದ್ದವು. ಆದರೆ ಸಿಟ್ಟು ಬಂದವನು ಚಕ್ರ ನೋಡುತ್ತಾನೆಯೇ! ಅರ್ಧ ಗಂಟೆ ನನ್ನ ಮಾತು ಕೇಳಿ ಸಾಕಾಗಿ ಅವರು ಕ್ಯಾಸೆಟ್ ಕಸಿದುಕೊಂಡರು. ಎ ಬದಿಯ ಆ ಖಾಲಿ ಜಾಗದಲ್ಲಿ 'ಬಂಗಾರದ ಮನುಷ್ಯ' ಚಿತ್ರದ, ಪಿ.ಬಿ. ಶ್ರೀನಿವಾಸ್ ಹಾಡಿದ 'ನಗುನಗುತಾ ನಲಿ ನಲಿ' ತುಂಬಿಸಿ, "ತಗೋ, ಇದು ಪೂರ್ತಿ ಇದೆ" ಎಂದು ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ಅವರು ಹೇಳಿದ್ದು ಸತ್ಯವೆಂದು ಗೊತ್ತಾಗುವಷ್ಟರಲ್ಲಿ ಆ ಮೆಟ್ಟಿಲ ಕೆಳಗೆ ಮೊಬೈಲ್ ಕವರುಗಳು ತೂಗಾಡುತ್ತಿದ್ದವು. ಅಲ್ಲಿಗೇ ಕತ್ತರಿಸಿ ಎಂದು ತಂತ್ರಜ್ಞನಿಗೆ ಹೇಳಿದ್ದು ಸ್ವತಃ ಬೀಟಲ್ಸ್‌ನ ಜಾನ್ ಲೆನನ್. ಬಿ ಬದಿಯ ಕಥೆ ಇನ್ನೂ ಚೆಂದ. ಆ ಪುಟ್ಟ ಹಾಡು ಮೊದಲು ಬೇರೆರಡು ಹಾಡುಗಳ ನಡುವೆ ಇತ್ತು. ತಂಡದ ಇನ್ನೊಬ್ಬ ಗಾಯಕ ಪಾಲ್ ಮೆಕಾರ್ಟ್ನಿ ಬೇಡವೆಂದು ತೆಗೆಸಿ, ಎಸೆದುಬಿಡಿ ಎಂದರು. ಏನನ್ನೂ ಎಸೆಯಬಾರದೆಂಬುದು ಸ್ಟುಡಿಯೊದ ಕಟ್ಟಪ್ಪಣೆ. ಸಹಾಯಕ ತಂತ್ರಜ್ಞ ಅದನ್ನು ಟೇಪಿನ ಬಾಲಕ್ಕೆ ಅಂಟಿಸಿಟ್ಟ. ಬೀಟಲ್ಸ್‌ನವರಿಗೆ ಅದೇ ಇಷ್ಟವಾಯಿತು. ಕೊನೆಯ ಸ್ವರ ಕತ್ತರಿಸಿದ ಜಾಗದಲ್ಲೇ ಉಳಿದಿತ್ತು. ಹಳೆಯ ಸಾಮಾನು ಎಸೆಯಬಾರದು ಎನ್ನುವ ನಮ್ಮ ಅಮ್ಮನಂಥವರು ಲಂಡನ್ನಿನಲ್ಲೂ ಇದ್ದರು ಎಂದಾಯಿತು.

ಮೊನ್ನೆ ಡೊಂಬಿವಲಿಯಲ್ಲಿ ತಂಗಿಯ ಮಗಳ ಮೊಬೈಲಿನಲ್ಲಿ ಅದೇ ಹಾಡು ಹಾಕಿಸಿದೆ. ಬಿರುಗಾಳಿ ಏರಿತು, ಕಡಿಯಿತು. ಅವಳು ಪರದೆ ತಟ್ಟಿ ನೋಡಿದಳು.

"ನೆಟ್ ಹೋಯಿತೇನೋ ಮಾವ."

"ಇಲ್ಲಮ್ಮ, ಅದು ಇರುವುದೇ ಹಾಗೆ" ಎಂದೆ.

ಅಷ್ಟರಲ್ಲಿ 'ಹಿಯರ್ ಕಮ್ಸ್ ದಿ ಸನ್' ಶುರುವಾಯಿತು. ಒಳ್ಳೆಯ ಹಾಡೇ. ಆದರೆ ಕ್ಯಾಸೆಟ್ ತಿರುಗಿಸುವ ಮೊದಲು ಪಿ.ಬಿ. ಶ್ರೀನಿವಾಸ್ ಬರಬೇಕಿತ್ತಲ್ಲ.